ಡಯಾಲಿಸಿಸ್ ಹಾಸಿಗೆಯ ಆ ನಾಲ್ಕು ಗಂಟೆ: ಆಂಧ್ರದ ಕಿಡ್ನಿ ಪೀಡಿತ ಊರುಗಳಿಗೆ ಯಂತ್ರ ಬಂತು, ಮನಸ್ಸಿನ ಚಿಕಿತ್ಸೆ ಯಾವಾಗ?

ವಿಜಯವಾಡದ ಹೊರವಲಯದಲ್ಲಿರುವ ಇಬ್ರಾಹಿಂಪಟ್ನಂ ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು, ಇಲ್ಲವೇ ಗೋದಾವರಿ ನೀರು ಕೃಷ್ಣೆಯನ್ನು ಸೇರುವ ಪವಿತ್ರ ಸಂಗಮ. ಈ ಊರಿಗೆ ಇನ್ನೊಂದು ಗುರುತೂ ಇದೆ. ಉತ್ತರಾಖಂಡದಿಂದ ಇಳಿದು ಬರುವ ರಾಷ್ಟ್ರೀಯ ಹೆದ್ದಾರಿ 30 ಕೊನೆಗೊಳ್ಳುವುದು ಇಲ್ಲೇ. ಇದೇ ಹೆದ್ದಾರಿಯಲ್ಲಿ ಮೈಲವರಂ ದಾಟಿ ತಿರುವೂರಿನ ಕಡೆಗೆ ಹೋದರೆ ಎ.ಕೊಂಡೂರು ಮಂಡಲ ಸಿಗುತ್ತದೆ. ಅಲ್ಲಿನ ತಾಂಡಾಗಳಲ್ಲಿ ಸಕ್ಕರೆ ಕಾಯಿಲೆ ಇಲ್ಲದವರ, ಬಿಪಿ ಇಲ್ಲದವರ ಕಿಡ್ನಿಗಳೂ ವರ್ಷಗಳಿಂದ ಕೈಕೊಡುತ್ತಿವೆ. ಕನ್ನಡಿಗರು ಲಂಬಾಣಿಗರು ಎಂದು ಕರೆಯುವ ಸಮುದಾಯದವರೇ ಅಲ್ಲಿ ಹೆಚ್ಚಾಗಿ ಇದಕ್ಕೆ ತುತ್ತಾಗಿದ್ದಾರೆ. ಅಂತರ್ಜಲದ ಮೇಲೆ ಅನುಮಾನವಿದೆ, ಆದರೆ ಇದೇ ಕಾರಣ ಎಂದು ಬೆರಳು ತೋರಿಸುವ ಉತ್ತರ ಸಿಕ್ಕಿಲ್ಲ.

ಈ ತಾಂಡಾಗಳ ರೋಗಿಗಳಿಗೆ ಬಹುಕಾಲ ವಿಜಯವಾಡವೇ ಗತಿಯಾಗಿತ್ತು. ಬೆಳಗಿನ ಪಾಳಿಗೆ ಹಾಸಿಗೆ ಸಿಗಬೇಕೆಂದರೆ ಕತ್ತಲಿರುವಾಗಲೇ ಹೊರಡಬೇಕು. ಜೊತೆಗೆ ಮನೆಯವರೊಬ್ಬರು ಬರಬೇಕು, ಅಂದರೆ ಅವರ ಅಂದಿನ ಕೂಲಿ ಹೋಯಿತು. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ, ಸುಸ್ತಾದ ದೇಹ ಹೊತ್ತು ಅದೇ ದಾರಿಯಲ್ಲಿ ವಾಪಸ್. ಒಂದು ದಿನ ಬಿಟ್ಟು ಮತ್ತೆ ಅದೇ.

ಸರ್ಕಾರಗಳು ಸುಮ್ಮನೆ ಕೂತಿಲ್ಲ, ನಿಜ. ಯಂತ್ರ ಬಂದಿವೆ, ಪಿಂಚಣಿ ಬಂದಿದೆ, ಪೈಪಿನಲ್ಲಿ ನದಿ ನೀರು ಕೊಡುವ ಯೋಜನೆಗಳು ಬಂದಿವೆ. ಆದರೆ ಆ ನಾಲ್ಕು ಗಂಟೆಯಲ್ಲಿ ಹಾಸಿಗೆಯ ಮೇಲಿರುವ ಮನುಷ್ಯನ ಒಳಗೆ ಏನಾಗುತ್ತಿದೆ ಎಂಬ ಪ್ರಶ್ನೆ ಮಾತ್ರ ಯಾವ ಯೋಜನೆಯ ಲೆಕ್ಕಕ್ಕೂ ಸೇರಿಲ್ಲ. ಉಸಿರಾಟದ ಅಭ್ಯಾಸ, ಸ್ನಾಯು ಸಡಿಲಿಸುವ ಕ್ರಮ, ಧ್ಯಾನದಂಥ ವಿಶ್ರಾಂತಿ ವಿಧಾನಗಳನ್ನು ಡಯಾಲಿಸಿಸ್ ಜೊತೆಗೆ ಕೊಟ್ಟರೆ ಉಪಯೋಗ ಇದೆಯೇ? ಇದ್ದರೆ ಎಷ್ಟು? ಕೊಡಬೇಕಾದವರು ಯಾರು?

ಉದ್ದಾನಂ ಎಂಬ ಹಳೆಯ ಗಾಯ

ಆಂಧ್ರದ ಕಿಡ್ನಿ ಸಮಸ್ಯೆ ಎಂದರೆ ದೇಶಕ್ಕೆ ಮೊದಲು ನೆನಪಾಗುವುದು ಉದ್ದಾನಂ. ಶ್ರೀಕಾಕುಳಂ ಜಿಲ್ಲೆಯ ಕವಿಟಿ, ಸೋಂಪೇಟ, ಕಂಚಿಲಿ, ಇಚ್ಛಾಪುರಂ, ಪಲಾಸ, ಮಂದಸ, ವಜ್ರಪುಕೊತ್ತೂರು ಸುತ್ತಮುತ್ತಲ ತೆಂಗು, ಗೋಡಂಬಿ ತೋಟಗಳ ಸೀಮೆ ಇದು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ವಯಸ್ಕರಲ್ಲಿ ಸುಮಾರು ಶೇ. 18ರಷ್ಟು ಮಂದಿಗೆ ದೀರ್ಘಕಾಲದ ಕಿಡ್ನಿ ಕಾಯಿಲೆ ಇದೆ ಎಂದು ಕಂಡುಕೊಂಡಿತು. ಅವರಲ್ಲಿ ಬಹುಪಾಲು ಜನರಿಗೆ ಮಧುಮೇಹದಂಥ ಮಾಮೂಲಿ ಕಾರಣಗಳಿರಲಿಲ್ಲ.

ರಾಜಕೀಯವಾಗಿ ಉದ್ದಾನಂ ಸದ್ದು ಮಾಡಿದ್ದು 2017ರ ಜನವರಿಯಲ್ಲಿ, ಪವನ್ ಕಲ್ಯಾಣ್ ಇಚ್ಛಾಪುರಂಗೆ ಬಂದು ರೋಗಿಗಳನ್ನು ಭೇಟಿಯಾದಾಗ. ಅದೇ ವರ್ಷ ಹಾರ್ವರ್ಡ್‌ನ ಕಿಡ್ನಿ ತಜ್ಞ ಡಾ. ಜೋಸೆಫ್ ಬಾನ್ವೆಂಟರ್ ವಿಶಾಖಪಟ್ಟಣಕ್ಕೆ ಬಂದು ಚರ್ಚೆ ನಡೆಸಿದರು. ಮುಂದೆ ಜಗನ್ ಮೋಹನ್ ರೆಡ್ಡಿ ಸರ್ಕಾರ ಡಯಾಲಿಸಿಸ್ ರೋಗಿಗಳಿಗೆ ತಿಂಗಳಿಗೆ 10,000 ರೂ. ಪಿಂಚಣಿ ಘೋಷಿಸಿತು. 2023ರ ಡಿಸೆಂಬರ್ 14ರಂದು ಪಲಾಸದಲ್ಲಿ ಕಿಡ್ನಿ ಸಂಶೋಧನಾ ಕೇಂದ್ರ ಮತ್ತು 200 ಹಾಸಿಗೆಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಉದ್ಘಾಟನೆಯಾಯಿತು. ಹಿರಮಂಡಲಂ ಜಲಾಶಯದಿಂದ ಕುಡಿಯುವ ನೀರು ತರುವ ಸುಮಾರು 700 ಕೋಟಿ ರೂ. ಯೋಜನೆಗೂ ಅಂದೇ ಚಾಲನೆ. ಅದಕ್ಕೂ ಮೊದಲು ಉದ್ದಾನಂ ರೋಗಿಗಳು ದೊಡ್ಡ ಆಸ್ಪತ್ರೆ ಬೇಕೆಂದರೆ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಓಡಬೇಕಿತ್ತು.

ಇಲ್ಲಿ ಒಂದು ಕ್ರೂರ ಲೆಕ್ಕವಿದೆ. ಡಯಾಲಿಸಿಸ್ ಯಂತ್ರದಲ್ಲಿ ಶುದ್ಧೀಕರಣದ ದ್ರಾವಣ ಸಾಮಾನ್ಯವಾಗಿ ನಿಮಿಷಕ್ಕೆ 500 ಮಿ.ಲೀ. ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಊರಿನಲ್ಲಿ ಒಂದು ಬಿಂದಿಗೆ ಒಳ್ಳೆಯ ನೀರಿಗೆ ಪರದಾಡಿದ ಮನುಷ್ಯನ ರಕ್ತದ ಪಕ್ಕದಲ್ಲಿ ಒಂದೊಂದು ಸರದಿಗೂ 120 ಲೀಟರ್ ಶುದ್ಧ ನೀರು ಹರಿದು ಚರಂಡಿ ಸೇರುತ್ತದೆ. ಅದೇ ಮನುಷ್ಯ ಮನೆಗೆ ಹೋದ ಮೇಲೆ ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು. ಸುತ್ತಲೂ ತೆಂಗಿನ ತೋಟವಿದ್ದರೂ ಎಳನೀರು ಮುಟ್ಟುವಂತಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಹೃದಯ ಬಡಿತವನ್ನೇ ಏರುಪೇರು ಮಾಡಬಲ್ಲದು.

ಬೆಂಗಳೂರಿನ ರೋಗಿಯಾಗಲಿ, ಎ.ಕೊಂಡೂರಿನ ರೋಗಿಯಾಗಲಿ, ಈ ದಾಹ ಎಲ್ಲರಿಗೂ ಒಂದೇ. ಮನಸ್ಸಿನ ಮೇಲೆ ಇದರ ಪರಿಣಾಮ ಆಗದೇ ಇರುವುದಾದರೂ ಹೇಗೆ?

ಹಾಸಿಗೆಯ ಮೇಲೆ ವರ್ಷಕ್ಕೆ 26 ದಿನ

ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಎಂದರೆ ವರ್ಷಕ್ಕೆ 156 ಸರದಿ, 624 ಗಂಟೆ. ಹಗಲು ರಾತ್ರಿ ಸೇರಿಸಿ ಲೆಕ್ಕ ಹಾಕಿದರೆ ಪೂರ್ತಿ 26 ದಿನ. ಪ್ರತಿ ಸರದಿಗೂ ಎರಡು ದಪ್ಪ ಸೂಜಿ, ಅಂದರೆ ವರ್ಷಕ್ಕೆ 300ಕ್ಕೂ ಹೆಚ್ಚು ಬಾರಿ ಚುಚ್ಚಿಸಿಕೊಳ್ಳಬೇಕು. ನಮ್ಮಲ್ಲಿ ಅನೇಕರು ಖರ್ಚು, ದೂರ, ಹಾಸಿಗೆ ಕೊರತೆಯಿಂದಾಗಿ ವಾರಕ್ಕೆ ಎರಡೇ ಸರದಿಗೆ ಬರುತ್ತಾರೆ. ಅವರಿಗೆ ಹಾಸಿಗೆಯ ಮೇಲಿನ ಗಂಟೆ ಕಡಿಮೆಯಾದರೂ ಕಷ್ಟ ಕಡಿಮೆಯಲ್ಲ. ಸರದಿಗಳ ನಡುವೆ ಮೈಯಲ್ಲಿ ತುಂಬಿಕೊಳ್ಳುವ ನೀರು ಹೆಚ್ಚು, ಅದನ್ನು ಒಂದೇ ಸಲಕ್ಕೆ ಎಳೆದಾಗ ಬಿಪಿ ಕುಸಿಯುವುದು, ಮೀನಖಂಡ ಹಿಡಿದುಕೊಳ್ಳುವುದು ಹೆಚ್ಚು.

ತುರಿಕೆ, ರಾತ್ರಿ ಕಾಲುಗಳ ಚಡಪಡಿಕೆ, ನಿದ್ದೆ ಬಾರದಿರುವುದು, ಡಯಾಲಿಸಿಸ್ ಮುಗಿದ ಮೇಲೆ ಗಂಟೆಗಟ್ಟಲೆ ಕಾಡುವ ಸುಸ್ತು. ಇವೆಲ್ಲ ರೋಗಿಗಳು ಹೇಳಿಕೊಳ್ಳುವ ಸಾಮಾನ್ಯ ದೂರುಗಳು. ಹೇಳಿಕೊಳ್ಳದೇ ಇರುವುದು ಖಿನ್ನತೆ. 2013ರಲ್ಲಿ ಪ್ರಕಟವಾದ, ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಪ್ರಶ್ನಾವಳಿ ಕೊಟ್ಟು ನೋಡಿದಾಗ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಶೇ. 39ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣ ಕಂಡುಬಂತು. ಸಂದರ್ಶನ ಮಾಡಿ ಖಚಿತಪಡಿಸಿಕೊಂಡಾಗ ಈ ಪ್ರಮಾಣ ಸುಮಾರು ಶೇ. 23.

ಎರಡು ಅಂಕಿಗಳ ನಡುವಿನ ಅಂತರಕ್ಕೆ ಕಾರಣವಿದೆ. ಸುಸ್ತು, ಊಟ ಸೇರದಿರುವುದು, ನಿದ್ದೆಗೆಡುವುದು ಕಿಡ್ನಿ ಕಾಯಿಲೆಯ ಲಕ್ಷಣಗಳೂ ಹೌದು, ಖಿನ್ನತೆಯ ಲಕ್ಷಣಗಳೂ ಹೌದು. ಯಾವುದು ಯಾವುದರಿಂದ ಎಂದು ಬಿಡಿಸುವುದಕ್ಕೆ ಯಾರಾದರೂ ರೋಗಿಯ ಪಕ್ಕ ಕೂತು ಮಾತಾಡಬೇಕು. ನಮ್ಮ ಬಹುತೇಕ ಕೇಂದ್ರಗಳಲ್ಲಿ ಕೂತು ಮಾತಾಡುವ ಆ ಒಬ್ಬರೇ ಇಲ್ಲ. 'ಊಟ ಸೇರ್ತಿಲ್ಲ' ಎಂದರೆ ಮಾತ್ರೆ ಬದಲಾಗುತ್ತದೆ, 'ಬದುಕೇ ಬೇಡ ಅನ್ನಿಸ್ತಿದೆ' ಎಂದರೆ 'ಹಾಗೆಲ್ಲ ಅನ್ನಬಾರದು' ಎಂಬ ಸಮಾಧಾನ ಸಿಗುತ್ತದೆ.

ಸ್ನಾಯು ಬಿಗಿ, ಸ್ನಾಯು ಸಡಿಲ

ಡಯಾಲಿಸಿಸ್ ರೋಗಿಗಳ ಮೇಲೆ ಹೆಚ್ಚು ಪ್ರಯೋಗಕ್ಕೆ ಒಳಗಾದ ವಿಧಾನಗಳು ಎರಡು. ಎರಡಕ್ಕೂ ಮಂತ್ರ ತಂತ್ರದ ನಂಟಿಲ್ಲ, ಎರಡೂ ಡಾಕ್ಟರುಗಳು ರೂಪಿಸಿದವು.

ಮೊದಲನೆಯದು ಷಿಕಾಗೋದ ವೈದ್ಯ ಎಡ್ಮಂಡ್ ಜಾಕಬ್ಸನ್ ರೂಪಿಸಿ, 1929ರ ತಮ್ಮ ಪುಸ್ತಕದಲ್ಲಿ ವಿವರಿಸಿದ ವಿಧಾನ. ಒಂದು ಭಾಗದ ಸ್ನಾಯುವನ್ನು ಕೆಲವು ಸೆಕೆಂಡು ಬಿಗಿ ಹಿಡಿಯುವುದು, ನಂತರ ಒಮ್ಮೆಗೇ ಸಡಿಲ ಬಿಡುವುದು. ಮುಖ, ಭುಜ, ಹೊಟ್ಟೆ, ತೊಡೆ ಹೀಗೆ ಒಂದೊಂದಾಗಿ. ಬಿಗಿಗೂ ಸಡಿಲಕ್ಕೂ ಇರುವ ವ್ಯತ್ಯಾಸವನ್ನು ದೇಹವೇ ಕಲಿಯುತ್ತದೆ ಎಂಬುದು ಅವರ ವಾದ.

ಎರಡನೆಯದು ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ ಅವರದು. ಧ್ಯಾನ ಮಾಡುವವರನ್ನು ಪ್ರಯೋಗಾಲಯದಲ್ಲಿ ಕೂರಿಸಿ ಅವರ ಉಸಿರು, ಆಮ್ಲಜನಕದ ಬಳಕೆ ಅಳೆದು ನೋಡಿದ ಬೆನ್ಸನ್, 1975ರಲ್ಲಿ ಅದರ ಸರಳ ರೂಪವನ್ನು ಪುಸ್ತಕವಾಗಿ ಹೊರತಂದರು. ಆರಾಮವಾಗಿ ಕೂತು ಅಥವಾ ಒರಗಿ ಕಣ್ಣು ಮುಚ್ಚುವುದು. ಪಾದದಿಂದ ಮುಖದವರೆಗೆ ಸ್ನಾಯು ಸಡಿಲಿಸುವುದು. ಮೂಗಿನಿಂದ ಉಸಿರಾಡುತ್ತಾ, ಉಸಿರು ಬಿಡುವಾಗಲೆಲ್ಲ ತನಗೆ ಇಷ್ಟವಾದ ಒಂದು ಪದವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಬೇರೆ ಯೋಚನೆ ಬಂದರೆ ಅದರ ಜೊತೆ ಜಗಳಕ್ಕಿಳಿಯದೆ ಮತ್ತೆ ಪದಕ್ಕೆ ಮರಳುವುದು. 10ರಿಂದ 20 ನಿಮಿಷ ಅಷ್ಟೇ. ಪದ ದೇವರ ಹೆಸರಾಗಿರಬಹುದು, 'ಒಂದು' ಎಂಬ ಸಂಖ್ಯೆಯೂ ಆಗಿರಬಹುದು. ಹಾರ್ವರ್ಡ್‌ನ ಕಿಡ್ನಿ ತಜ್ಞರನ್ನು ವಿಶಾಖಪಟ್ಟಣಕ್ಕೆ ಕರೆತರುವುದು ಸುದ್ದಿಯಾಗುತ್ತದೆ, ಅದೇ ಹಾರ್ವರ್ಡ್‌ನಿಂದ ಬಂದ, ವಿಮಾನ ಟಿಕೆಟ್ಟೇ ಬೇಡದ ಈ ವಿಧಾನ ಸುದ್ದಿಯಾಗುವುದಿಲ್ಲ!

ಕೇಳಿದರೆ ನಮ್ಮ ಅಜ್ಜಿಯರ ಜಪಮಾಲೆ, ಯೋಗ ತರಗತಿಯ ಶವಾಸನ ನೆನಪಾಗಬಹುದು. ಹೋಲಿಕೆ ಸರಿಯೇ ಇದೆ. ಆದರೆ ಡಯಾಲಿಸಿಸ್ ಹಾಸಿಗೆ ಯೋಗದ ಚಾಪೆಯಲ್ಲ. ಇಲ್ಲಿ ಕೆಲವು ಎಚ್ಚರಿಕೆ ಬೇಕೇ ಬೇಕು.

ಫಿಸ್ಟುಲಾ ಇರುವ, ಸೂಜಿ ಚುಚ್ಚಿರುವ ಕೈಯನ್ನು ಬಿಗಿ ಹಿಡಿಯುವುದಾಗಲಿ ಮಡಚುವುದಾಗಲಿ ಕೂಡದು. ಆ ಕೈಯನ್ನು ಬಿಟ್ಟೇ ಅಭ್ಯಾಸ ಮಾಡಬೇಕು. ಮೀನಖಂಡ ಸೆಳೆತ ಬರುವವರು ಕಾಲನ್ನು ಜೋರಾಗಿ ಬಿಗಿ ಹಿಡಿದರೆ ಸೆಳೆತ ಶುರುವಾಗಬಹುದು. ಕಪಾಲಭಾತಿಯಂಥ ರಭಸದ ಉಸಿರಾಟ, ಉಸಿರು ಬಿಗಿ ಹಿಡಿಯುವ ಕುಂಭಕ ಡಯಾಲಿಸಿಸ್ ನಡೆಯುವಾಗ ಬೇಡ. ನಿಧಾನದ ಉಸಿರಾಟವೂ ಬಿಪಿಯನ್ನು ಸ್ವಲ್ಪ ಇಳಿಸಬಹುದು, ಡಯಾಲಿಸಿಸ್ ಅದನ್ನು ಮೊದಲೇ ಇಳಿಸುತ್ತಿರುತ್ತದೆ. ಹಾಗಾಗಿ ತಲೆ ಸುತ್ತು, ಬೆವರು, ವಾಕರಿಕೆ ಕಂಡರೆ ಅಭ್ಯಾಸ ನಿಲ್ಲಿಸಿ ಟೆಕ್ನೀಷಿಯನ್‌ನನ್ನು ಕೂಗಬೇಕು.

ಇನ್ನೊಂದು ವಿಷಯ ಹೇಳಲು ಚಿಕ್ಕದು, ತಪ್ಪಿದರೆ ದೊಡ್ಡದು. ಕಣ್ಣು ಮುಚ್ಚಿ ಮಲಗಿದವರು ವಿಶ್ರಾಂತಿಯಲ್ಲಿದ್ದಾರೋ, ಬಿಪಿ ಬಿದ್ದು ಪ್ರಜ್ಞೆ ತಪ್ಪುತ್ತಿದ್ದಾರೋ ಎಂದು ದೂರದಿಂದ ಗೊತ್ತಾಗುವುದಿಲ್ಲ. ಹೊದಿಕೆ ಎಳೆದುಕೊಂಡರೆ ಸೂಜಿ ಜಾರಿ ರಕ್ತ ಸೋರುತ್ತಿದ್ದರೂ ಕಾಣಿಸುವುದಿಲ್ಲ. ಆದ್ದರಿಂದ ಅಭ್ಯಾಸ ಮಾಡುವ ಮೊದಲು ಸಿಬ್ಬಂದಿಗೆ ತಿಳಿಸಬೇಕು, ಸೂಜಿ ಇರುವ ಜಾಗ ಹೊದಿಕೆಯಿಂದ ಹೊರಗೆ ಕಾಣುತ್ತಿರಬೇಕು.

ಸಂಶೋಧನೆ ಏನು ಹೇಳುತ್ತದೆ?

2019ರಲ್ಲಿ ಕಾಕ್ರೇನ್ ಸಂಸ್ಥೆ ಡಯಾಲಿಸಿಸ್ ರೋಗಿಗಳ ಖಿನ್ನತೆಗೆ ಮಾತ್ರೆಯಿಲ್ಲದ ಪರಿಹಾರಗಳ ಕುರಿತ ಪರಾಮರ್ಶೆ ಪ್ರಕಟಿಸಿತು. 33 ಅಧ್ಯಯನ, 2,056 ರೋಗಿಗಳು. ಅರಿವಿನ ವರ್ತನಾ ಚಿಕಿತ್ಸೆ, ವ್ಯಾಯಾಮ, ವಿಶ್ರಾಂತಿ ವಿಧಾನಗಳು ಖಿನ್ನತೆಯ ಲಕ್ಷಣಗಳನ್ನು ಬಹುಶಃ ಕಡಿಮೆ ಮಾಡುತ್ತವೆ ಎಂಬುದು ಅದರ ತೀರ್ಮಾನ. ಪುರಾವೆ ಮಧ್ಯಮ ಮಟ್ಟದ್ದು ಎಂದೂ ಅದೇ ಹೇಳಿದೆ. 'ಬಹುಶಃ' ಎಂಬ ಪದವನ್ನು ಯಾರೂ ನುಂಗಿಹಾಕಬಾರದು.

ಬೆನ್ಸನ್ ವಿಧಾನ, ಜಾಕಬ್ಸನ್ ವಿಧಾನಗಳ ಮೇಲಿನ ಪ್ರಯೋಗಗಳಲ್ಲಿ ಗಣನೀಯ ಭಾಗ ಇರಾನ್, ಟರ್ಕಿ ದೇಶಗಳಿಂದ ಬಂದವು. ಆತಂಕ ಇಳಿದಿದೆ, ನಿದ್ದೆ ಸುಧಾರಿಸಿದೆ, ಸುಸ್ತು ತಗ್ಗಿದೆ ಎಂದು ಅನೇಕ ವರದಿಗಳು ಹೇಳುತ್ತವೆ. ತೊಂದರೆ ಇರುವುದು ಅವುಗಳ ಗಾತ್ರದಲ್ಲಿ. ಒಂದೋ ಎರಡೋ ಆಸ್ಪತ್ರೆ, ಕೆಲವು ಡಜನ್ ರೋಗಿಗಳು, ಒಂದೆರಡು ತಿಂಗಳ ಅವಧಿ. ಮಾತ್ರೆಯ ಪ್ರಯೋಗದಲ್ಲಿ ರೋಗಿಗೆ ಗೊತ್ತಾಗದಂತೆ ಸಕ್ಕರೆ ಗುಳಿಗೆ ಕೊಡಬಹುದು, ಕಣ್ಣು ಮುಚ್ಚಿ ಉಸಿರಾಡುವುದನ್ನು ಗೊತ್ತಾಗದಂತೆ ಮಾಡಿಸುವುದು ಹೇಗೆ? ತನಗೆ ವಿಶೇಷ ಗಮನ ಸಿಗುತ್ತಿದೆ ಎಂಬುದೇ ರೋಗಿಯ ಮನಸ್ಸನ್ನು ಹಗುರ ಮಾಡಿರಬಹುದು. ಅದೇನೂ ಕೆಟ್ಟ ಸಂಗತಿಯಲ್ಲ. ಆದರೆ ಉಸಿರಾಟದ್ದೇ ಪವಾಡ ಎಂದು ಸಾರುವ ಮೊದಲು ಇದನ್ನು ನೆನಪಿಡಬೇಕು.

ಮಾತ್ರೆಗಳ ಸ್ಥಿತಿಯೂ ಅಷ್ಟೇನೂ ಉತ್ತಮವಿಲ್ಲ ಎಂಬುದು ಇಲ್ಲಿ ಮುಖ್ಯ. ಅಮೆರಿಕದಲ್ಲಿ 120 ಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಖಿನ್ನತೆಯ ಮಾತ್ರೆ ಸರ್ಟ್ರಾಲಿನ್ ಮತ್ತು ಮಾತಿನ ಚಿಕಿತ್ಸೆಯನ್ನು ಹೋಲಿಸಿತು. 12 ವಾರಗಳಲ್ಲಿ ಮಾತ್ರೆ ತುಸು ಮುಂದಿತ್ತು, ಅಡ್ಡಪರಿಣಾಮಗಳೂ ಅದರಲ್ಲೇ ಹೆಚ್ಚಿದ್ದವು. ಆ ಪ್ರಯೋಗದಲ್ಲಿ ಮಾತಿನ ಚಿಕಿತ್ಸೆ ಕೊಟ್ಟದ್ದು ಡಯಾಲಿಸಿಸ್ ನಡೆಯುತ್ತಿರುವಾಗಲೇ, ಅದೇ ಕುರ್ಚಿಯ ಪಕ್ಕದಲ್ಲಿ. ರೋಗಿ ಇನ್ನೊಂದು ದಿನ ಇನ್ನೊಂದು ಆಸ್ಪತ್ರೆಗೆ ಅಲೆಯಬೇಕಿರಲಿಲ್ಲ. ನಮ್ಮ ತಾಂಡಾಗಳ ರೋಗಿಗಳಿಗೆ ಈ ಪ್ರಯೋಗದಿಂದ ಕಲಿಯುವುದಿದ್ದರೆ ಅದು ಇದೇ.

ಈ ವಿಧಾನಗಳು ಕಿಡ್ನಿಯನ್ನು ಸರಿಪಡಿಸುವುದಿಲ್ಲ, ಕ್ರಿಯಾಟಿನಿನ್ ಇಳಿಸುವುದಿಲ್ಲ, ಡಯಾಲಿಸಿಸ್ ತಪ್ಪಿಸುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿರುವುದು ಯೂಟ್ಯೂಬ್, ವಾಟ್ಸಾಪ್ ಕಾರಣಕ್ಕೆ. 'ಡಯಾಲಿಸಿಸ್ ಬಿಟ್ಟುಬಿಡಿ, ಪ್ರಾಣಾಯಾಮ ಮತ್ತು ಕಷಾಯ ಸಾಕು' ಎಂದು ಹೇಳುವವರಿಗೆ ಕೊರತೆಯಿಲ್ಲ. ಕಿಡ್ನಿ ಪೂರ್ತಿ ಸೋತವರು ಡಯಾಲಿಸಿಸ್ ಬಿಟ್ಟರೆ ಸಾವು ದಿನಗಳ, ವಾರಗಳ ದೂರದಲ್ಲಿರುತ್ತದೆ. ಮನೆಮದ್ದೆಂದು ನಂಬಿದ್ದೂ ವಿಷವಾಗಬಹುದು. ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಧಾರೆಹುಳಿ, ಅಂದರೆ ಕಮರಾಕ್ಷಿ ಹಣ್ಣು, ಕಿಡ್ನಿ ಸೋತವರ ಮಿದುಳಿಗೆ ಏರಿ ಜೀವಕ್ಕೇ ಕುತ್ತು ತಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಹಾಗೆಯೇ, ಮಲಗಿದರೆ ಉಸಿರು ಕಟ್ಟುತ್ತದೆ ಎಂಬುದನ್ನು 'ಟೆನ್ಷನ್' ಎಂದು ತಳ್ಳಿಹಾಕಿ ಉಸಿರಾಟದ ಅಭ್ಯಾಸಕ್ಕೆ ಕೂರುವುದು ಅಪಾಯ. ಅದು ಶ್ವಾಸಕೋಶಕ್ಕೆ ನೀರು ಸೇರಿರುವ ಸೂಚನೆ ಇರಬಹುದು. ಆಗ ಬೇಕಿರುವುದು ಆಸ್ಪತ್ರೆ.

ಬಿಲ್ಲಿನಲ್ಲಿ ಇಲ್ಲದ ಸೇವೆ

2016ರ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಕಿಡ್ನಿ ವೈಫಲ್ಯದ ಕೊನೆಯ ಹಂತ ತಲುಪುತ್ತಾರೆ, ಒಂದು ಸರದಿಗೆ ಸುಮಾರು 2,000 ರೂ., ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಖರ್ಚು ಎಂದು ಅವರೇ ಲೆಕ್ಕ ಕೊಟ್ಟಿದ್ದರು. ಜಿಲ್ಲಾ ಆಸ್ಪತ್ರೆಗಳಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಕೇಂದ್ರ ತೆರೆಯುವುದು ಯೋಜನೆಯ ಸ್ವರೂಪ. ಜಾಗ, ವಿದ್ಯುತ್, ನೀರು ಸರ್ಕಾರದ್ದು. ಯಂತ್ರ, ಸಿಬ್ಬಂದಿ, ಆರ್‌ಒ ಘಟಕ ಗುತ್ತಿಗೆದಾರರದ್ದು. ಬಡವರ ಪಾಲಿನ ಹಣವನ್ನು ಸರದಿಗೆ ಇಷ್ಟು ಎಂದು ಸರ್ಕಾರ ಕೊಡುತ್ತದೆ.

ಸಮಸ್ಯೆಯ ಬೇರು ಈ ಕೊನೆಯ ವಾಕ್ಯದಲ್ಲೇ ಇದೆ. ಹಣ ಸರದಿಗೆ. ರೋಗಿ ನಿನ್ನೆ ರಾತ್ರಿ ನಿದ್ದೆ ಮಾಡಿದನೇ, ಮಗಳ ಮದುವೆಯ ಸಾಲ ನೆನೆದು ಅಳುತ್ತಿದ್ದಾನೆಯೇ ಎಂದು ಕೇಳಲು ಬಿಲ್ಲಿನಲ್ಲಿ ಸಾಲಿಲ್ಲ. ಸಾಲಿಲ್ಲದ ಕೆಲಸವನ್ನು ಗುತ್ತಿಗೆದಾರ ಮಾಡಿಸುವುದಿಲ್ಲ. ಹಲವು ಯಂತ್ರಗಳ ನಡುವೆ ಓಡಾಡುವ ಟೆಕ್ನೀಷಿಯನ್‌ನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಕರ್ನಾಟಕದ ಪರಿಸ್ಥಿತಿಯೂ ಬೇರೆಯಲ್ಲ. ಇಲ್ಲಿ ತಾಲೂಕು ಆಸ್ಪತ್ರೆಗಳವರೆಗೆ ಉಚಿತ ಡಯಾಲಿಸಿಸ್ ಬಂದಿದೆ. ಒಮ್ಮೆ ಬಳಸಿ ಎಸೆಯುವ ಡಯಲೈಸರ್‌ಗೆ ರಾಜ್ಯ ಬದಲಾಗಿರುವುದು ಸೋಂಕಿನ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಇದೇ ಕೇಂದ್ರಗಳ ಸಿಬ್ಬಂದಿ ವೇತನ ಬಾಕಿಗಾಗಿ ಕೆಲಸ ನಿಲ್ಲಿಸಿ ರೋಗಿಗಳು ಪರದಾಡಿದ ದಿನಗಳನ್ನೂ ರಾಜ್ಯ ನೋಡಿದೆ. ನಾಳೆ ಯಂತ್ರ ನಡೆಯುತ್ತದೋ ಇಲ್ಲವೋ ಎಂಬ ಭಯದಲ್ಲಿರುವವರಿಗೆ 'ನಿಧಾನವಾಗಿ ಉಸಿರಾಡಿ' ಎನ್ನುವುದು ಅಪಹಾಸ್ಯದಂತೆ ಕೇಳಿಸಬಹುದು. ಯಂತ್ರ, ಔಷಧ, ಸಂಬಳ ಸರಿಯಾಗಿ ನಡೆಯುವ ಕಡೆ ಮಾತ್ರ ವಿಶ್ರಾಂತಿಯ ಮಾತಿಗೆ ಅರ್ಥ.

ಹಾಗೆ ನಡೆಯುವ ಕಡೆ ದಾರಿ ಅಷ್ಟು ಕಷ್ಟದ್ದಲ್ಲ. ಕರ್ನಾಟಕದಲ್ಲಿ 'ಮನೋಚೈತನ್ಯ' ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ನೀಡುವ ವ್ಯವಸ್ಥೆ ಇದೆ. ಡಯಾಲಿಸಿಸ್ ಘಟಕ ಇರುವುದೂ ಅದೇ ಆವರಣದಲ್ಲಿ. ಮನೋವೈದ್ಯರು ವಾರಕ್ಕೊಮ್ಮೆ ಒಂದು ಗಂಟೆ ಆ ಕೋಣೆಗೆ ಹೋಗಬೇಕೆಂದು ಆದೇಶ ಮಾಡಲು ಹೊಸ ಕಟ್ಟಡ ಬೇಕಿಲ್ಲ. ಸರದಿಗೆ ಕೊಡುವ ಹಣದ ಜೊತೆಗೆ ಆಪ್ತಸಮಾಲೋಚಕರ ಸೇವೆಯನ್ನೂ ಮುಂದಿನ ಟೆಂಡರ್‌ನಲ್ಲಿ ಸೇರಿಸಬಹುದು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯ ಜೊತೆಗೇ ಖಿನ್ನತೆಯ ಪ್ರಶ್ನಾವಳಿಯನ್ನೂ ತುಂಬಿಸಬಹುದು.

ಇನ್ನು ಭಾಷೆ. ವಿಶ್ರಾಂತಿ ವಿಧಾನ ಕಲಿಸುವುದೆಂದರೆ ಕೊನೆಗೂ ಒಂದು ದನಿ ಕಿವಿಯಲ್ಲಿ ಹೇಳುವ ಮಾತು. ಎ.ಕೊಂಡೂರಿನ ಅಜ್ಜಿಗೆ ಇಂಗ್ಲಿಷ್ ಆ್ಯಪ್‌ನ ದನಿ ನಿದ್ದೆ ತರಿಸೀತೇ ಹೊರತು ನೆಮ್ಮದಿ ತರುವುದಿಲ್ಲ. ತೆಲುಗಿಗಿಂತ ಲಂಬಾಣಿಯೇ ಅವರ ಮನೆಯ ಮಾತು. ವಿಜಯಪುರ, ಕಲಬುರಗಿಯ ತಾಂಡಾಗಳ ರೋಗಿಗಳಿಗೂ ಹಾಗೆಯೇ, ಮಂಗಳೂರಿಗೆ ತುಳು, ಬ್ಯಾರಿ. ಹದಿನೈದು ನಿಮಿಷದ ಧ್ವನಿಮುದ್ರಿಕೆಯನ್ನು ಆಯಾ ಊರಿನ ನರ್ಸ್ ಒಬ್ಬರ ದನಿಯಲ್ಲೇ ಮಾಡಿ ರೋಗಿಯ ಮೊಬೈಲ್‌ಗೆ ಹಾಕಿಕೊಟ್ಟರೆ ಆಗುವ ಖರ್ಚು ಒಂದು ಡಯಲೈಸರ್‌ನ ಬೆಲೆಗಿಂತ ಹೆಚ್ಚೇನೂ ಇರಲಿಕ್ಕಿಲ್ಲ.

ಮನೆಯವರ ಪಾಲೂ ಇದರಲ್ಲಿದೆ. ಹೊರಗಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕಾಯುವ ಹೆಂಡತಿ, ಮಗ, ಸೊಸೆಯ ದಣಿವನ್ನು ಅಳೆಯುವ ಪ್ರಶ್ನಾವಳಿಯಂತೂ ಯಾರ ಕೈಯಲ್ಲೂ ಇಲ್ಲ. ಅದೇ ಅಭ್ಯಾಸವನ್ನು ಅವರಿಗೂ ಕಲಿಸಿದರೆ, ಮನೆಯಲ್ಲಿ ರಾತ್ರಿ ನಿದ್ದೆ ಬಾರದ ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೆ ಮಾಡಬಹುದು.

ಡಯಾಲಿಸಿಸ್‌ನಲ್ಲಿರುವವರು ಅಥವಾ ಅವರ ಮನೆಯವರು 'ಬದುಕು ಸಾಕು' ಎಂಬ ಯೋಚನೆಯಲ್ಲಿ ಸಿಲುಕಿದ್ದರೆ, ಆತಂಕ, ನಿದ್ದೆಗೇಡು ಮಿತಿ ಮೀರಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡ ಮತ್ತು ತೆಲುಗಿನಲ್ಲೂ ಲಭ್ಯ. ಉಸಿರಾಟದ ಯಾವುದೇ ಅಭ್ಯಾಸ ಶುರುಮಾಡುವ ಮೊದಲು ತಮ್ಮ ಕಿಡ್ನಿ ತಜ್ಞರಿಗೆ ಒಂದು ಮಾತು ತಿಳಿಸಬೇಕು. ಬಿಪಿ ಮಾತ್ರೆಯನ್ನಾಗಲಿ, ಡಯಾಲಿಸಿಸ್ ಸರದಿಯನ್ನಾಗಲಿ ತಾವಾಗಿಯೇ ಕಡಿಮೆ ಮಾಡಬಾರದು.